ಬಲಗಡೆಯ ಲಾಳಿ

ಕಲ್ಕತ್ತಾ
12 ಆಗಸ್ಟ್ 1994

ಪ್ರೀತಿಯ ಓಬಕ್ಕ,

ನಾನು ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪುಗಳಿದ್ದರೆ ಅದು ಗುರುವಿನ ತಪ್ಪು, ಗುರು ನೀವೇ.

ಹೋದ ವಾರ ಊರು ಮುಟ್ಟಿದೆ. ಸೀರೆಗಳಿಗೆಲ್ಲ ಇನ್ನೂ ನಾನು ತಂಗಿದ್ದ ಚಳ್ಳಕೆರೆಯ ಎಣ್ಣೆ ಮಿಲ್ಲಿನ ವಾಸನೆ. ಅಮ್ಮ ಮೂಗು ಮುಚ್ಚಿಕೊಂಡು, "ಗಣತಿ ಮಾಡಲು ಹೋಗಿದ್ದೆಯೋ ಶೇಂಗಾ ಹುರಿಯಲು ಹೋಗಿದ್ದೆಯೋ" ಎಂದಳು. ಕೈಮಗ್ಗ ಗಣತಿ ಮುಗಿಯಿತು, ಇನ್ನು ಇಲ್ಲಿ ಕೇಂದ್ರ ಸರ್ಕಾರದ ಕಚೇರಿಯ ನಾಲ್ಕನೇ ಮಹಡಿಯಲ್ಲಿ ನನ್ನ ಕೆಲಸ. ಕಿಟಕಿಯಿಂದ ಟ್ರಾಮು ಕಾಣುತ್ತದೆ. ನಿಮ್ಮ ಮೊಳಕಾಲ್ಮೂರಿನ ಬಂಡೆಗುಡ್ಡ ಕಾಣುವುದಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಗಣತಿಯ ಫಾರಂನಲ್ಲಿ ಮಗ್ಗ ಎಷ್ಟು, ನೇಕಾರರು ಎಷ್ಟು ಎಂದಷ್ಟೇ ಕೇಳಿದ್ದರು. ಏಳುನೂರು ಮನೆಗೂ ಅಷ್ಟೇ ಬರೆದೆ. ನಿಮ್ಮ ಮನೆಯ ಪುಟದಲ್ಲಿ ಮಾತ್ರ ಷರಾ ಕಾಲಂ ತುಂಬ ಬರೆದುಬಿಟ್ಟೆ. "ರಂಗಯ್ಯನವರು ಕಣ್ಣು ಮುಚ್ಚಿಕೊಂಡು ನೇಯುವಷ್ಟು ಪಳಗಿದವರು. ಹೆಂಡತಿ ಬಲಗಡೆ ಕೂತು ಸೀರೆಯ ಅಂಚಿನ ಲಾಳಿ ಮಾತ್ರ ಕೊಡುತ್ತಾರೆ. ಒಡಲಿನ ಲಾಳಿಯನ್ನು ಆಕೆ ಒಮ್ಮೆಯೂ ಮುಟ್ಟುವುದಿಲ್ಲ." ಸರ್ಕಾರಿ ಕಾಗದದ ಮೇಲೆ ನಾನು ಬರೆದ ಮೊದಲ ಒಳ್ಳೆಯ ವಾಕ್ಯಗಳು ಇವು. ಮೇಲಧಿಕಾರಿ ಓದದೆಯೇ ಸಹಿ ಹಾಕಿದರು.

ಆ ದಿನ ರಂಗಯ್ಯನವರು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಕಣ್ಣು ಮುಚ್ಚಿ, ತಲೆ ಸ್ವಲ್ಪ ಎತ್ತಿ ನೇಯುತ್ತಿದ್ದರಲ್ಲ, ಅದನ್ನು ಮರೆಯಲಾರೆ. ನೀವು ಪಕ್ಕದಿಂದ ತೆಲುಗಿನಲ್ಲಿ ಪಿಸುಗುಡುತ್ತಿದ್ದಿರಿ. ಮಂತ್ರವೇನೋ ಅಂದುಕೊಂಡೆ. ಅವರ ಬಗ್ಗೆ ಬಂಗಾಳಿಯಲ್ಲಿ ಕಥೆ ಬರೆಯುತ್ತಿದ್ದೇನೆ. ಬೇಡವೆಂದರೆ ಈಗಲೇ ಹೇಳಿ.

ನಿಮ್ಮ
ಸುತಪಾ ಲಾಹಿರಿ


ಮೊಳಕಾಲ್ಮೂರು
3 ಅಕ್ಟೋಬರ್ 1994

ಅಮ್ಮಾವ್ರಿಗೆ ಓಬಕ್ಕ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಅಂಚೆ ಪೆದ್ದಣ್ಣ ಕವರನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಕ್ಕ, ಕಲ್ಕತ್ತದಾಗೂ ನಿನಗೆ ನೆಂಟರು ಅದಾರಾ?" ಅಂದ. ಹೂಂ, ನನ್ನ ತಂಗಿ ಅಂದೆ. ನಾನು ಏಳನೇ ಕ್ಲಾಸಿನವಳು, ನೀವು ಕಾಗದದಲ್ಲಿ ನನಗಿಂತ ಶುದ್ಧ ಬರೆಯುತ್ತೀರಿ. ಅದು ನನಗೆ ಹೊಟ್ಟೆಕಿಚ್ಚು.

ಕಾಗದವನ್ನು ಇವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ನೇಯುವವರು ಅನ್ನುವುದಕ್ಕೆ ಬಂದಾಗ ಇವರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನನಗೂ ನಗು ಬಂತು. ದುರುಗಕ್ಕ ಗೋಡೆಯಾಚೆಯಿಂದ "ಏನೈತ್ರೇ ಅಂಥದ್ದು?" ಅಂತ ಕೂಗಿದಳು.

ಮಂತ್ರ ಅಲ್ಲ, ಅಮ್ಮಾವ್ರೇ. ಎಳೆ ಎಣಿಸಿ ಹೇಳುತ್ತಿದ್ದೆ.

ಕಥೆ ಬರೆಯಿರಿ, ನಮ್ಮದೇನು ಹೋಗುತ್ತದೆ. ಆದರೆ ಇವರ ಕಣ್ಣಿನ ಬಗ್ಗೆ ಜಾಸ್ತಿ ಬರೆಯಬೇಡಿ. ಮೊದಲೇ ಊರ ಬಾಯಿಗೆ ಮುಚ್ಚಳ ಇಲ್ಲ.

ಆ ದಿನ ನೀವೂ ಬಲಗಡೆ ಕೂತು ಎಂಟು ಎಳೆ ಲಾಳಿ ಕೊಟ್ಟಿರಲ್ಲ, ಆ ಅಂಚು ಬಿಡಿಸಲು ನನಗೆ ಅರ್ಧ ದಿನ ಹಿಡಿಯಿತು. ಇವರು ಮಾತ್ರ "ಪಾಪ, ಕಲಿತಾರೆ ಬಿಡು" ಅಂತಾರೆ. ಶೇಂಗಾ ಚಟ್ನಿಪುಡಿ ಮಾಡಿದ್ದೇನೆ. ಅಷ್ಟು ದೂರ ಕಳಿಸುವುದು ಹೇಗೆ ಅಂತ ಪೆದ್ದಣ್ಣನಿಗೂ ತಿಳಿಯದು.

ಓಬಕ್ಕ


ಕಲ್ಕತ್ತಾ
20 ಫೆಬ್ರವರಿ 1997

ಪ್ರೀತಿಯ ಓಬಕ್ಕ,

ಎರಡು ವರ್ಷ ಕಾಗದ ಬರೆಯಲಿಲ್ಲ. ಬೈಯಿರಿ, ಕೇಳುತ್ತೇನೆ. ಹಗಲೆಲ್ಲ ಕಡತ, ಸಂಜೆ ಅಮ್ಮನ ಔಷಧಿ, ಮಿಕ್ಕಿದ್ದು ಕಥೆಗೆ.

ಪುಸ್ತಕ ಬಂತು. ಒಂದು ಪ್ರತಿ ಈ ಜೊತೆ ಕಳಿಸಿದ್ದೇನೆ. ಬಂಗಾಳಿಯಲ್ಲಿದೆ, ನೀವು ಓದಲಾರಿರಿ, ಆದರೂ ಮೊದಲ ಪ್ರತಿ ನಿಮ್ಮ ಮನೆಯಲ್ಲಿರಬೇಕು. ಮೊದಲ ಕಥೆಯೇ ರಂಗಯ್ಯನವರದು. ಹೆಸರು ಬದಲಿಸಿದ್ದೇನೆ, ಊರನ್ನು ಬದಲಿಸಲು ಮನಸ್ಸು ಬರಲಿಲ್ಲ. ಮುನ್ನುಡಿಯಲ್ಲಿ ಬರೆದಿದ್ದೇನೆ: ಈ ಕಥೆಯಲ್ಲಿ ಒಂದಕ್ಷರವೂ ಕಲ್ಪನೆಯಲ್ಲ, ಎಲ್ಲವೂ ನಾನು ಕಣ್ಣಾರೆ ಕಂಡದ್ದು.

ಇಲ್ಲಿನವರಿಗೆ ತುಂಬ ಹಿಡಿಸಿದೆ. ಸಭೆಯಲ್ಲಿ ಒಬ್ಬರು ಕೇಳಿದರು, ಆ ನೇಕಾರ ಹೆಂಗಸರ ಮುಖ ನೋಡಿ ಮಾತನಾಡುವುದಿಲ್ಲವಲ್ಲ, ಅದೂ ನಿಜವೇ ಎಂದು. ನಿಜ ಎಂದೆ. ನಾನು ಎಷ್ಟು ಸಂಜೆ ನಿಮ್ಮ ಕಟ್ಟೆಯ ಮೇಲೆ ಕೂತಿದ್ದೇನೆ, ಅವರು ಒಮ್ಮೆಯಾದರೂ ನನ್ನ ಕಡೆ ನೇರ ನೋಡಿದ್ದುಂಟೇ? ಅಂಥ ಮರ್ಯಾದಸ್ಥರನ್ನು ನಾನು ನಮ್ಮ ಕಚೇರಿಯಲ್ಲಿ ಕಂಡಿಲ್ಲ.

ಈಗಲೂ ಹಾಗೆಯೇ ಕಣ್ಣು ಮುಚ್ಚಿ ನೇಯುತ್ತಾರೆಯೇ? ಬರೆಯಿರಿ.

ಸುತಪಾ


ಮೊಳಕಾಲ್ಮೂರು
2 ಏಪ್ರಿಲ್ 1997

ಅಮ್ಮಾವ್ರಿಗೆ ನಮಸ್ಕಾರಗಳು.

ಬೈಯುವುದಿಲ್ಲ. ದೊಡ್ಡ ಹುದ್ದೆಯವರಿಗೆ ಕೆಲಸ ಇರುತ್ತದೆ. ಆದರೆ ಎರಡು ವರ್ಷ ಪೆದ್ದಣ್ಣ ನಮ್ಮ ಬಾಗಿಲ ಮುಂದೆ ಸೈಕಲ್ ನಿಲ್ಲಿಸದೇ ಹೋದಾಗಲೆಲ್ಲ ನನಗೆ ಸಿಟ್ಟು ಬಂದಿದೆ ಅಂತ ನಿಮಗೆ ಗೊತ್ತಿರಲಿ.

ಪುಸ್ತಕವನ್ನು ದೇವರ ಪಟಗಳ ಪಕ್ಕ ಇಟ್ಟಿದ್ದೇವೆ. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡು ರಟ್ಟಿನ ಮೇಲೆ ಕೈಯಾಡಿಸಿ, "ಏಮೇ, ದೀನ್ಲೋ ನೇನು ಎಕ್ಕಡ ಉನ್ನಾನು?" ಅಂದರು, ಇದರಲ್ಲಿ ನಾನೆಲ್ಲಿದ್ದೇನೆ ಅಂತ. ನನಗೇನು ಗೊತ್ತು. ಒಂದು ಹಾಳೆ ತೆಗೆದು ಅವರ ಬೆರಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟೆ. ಇಲ್ಲಿ ಅಂದೆ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ಹಾಗೆಯೇ. ಮಗ್ಗ ನಿಂತಿಲ್ಲ. ನಮ್ಮ ಕುಟ್ಟಂಚಿನ ಸೀರೆಗೆ ನೇಕಾರರ ಸಂಘದಲ್ಲಿ ಈಗಲೂ ಹೆಸರಿದೆ. ಒಡಲಿಗೂ ಅಂಚಿಗೂ ಬೇರೆ ಬಣ್ಣ, ಎಲ್ಲಿ ಕೂಡಿದೆ ಅಂತ ಬೆರಳಿಗೂ ತಿಳಿಯಬಾರದು. ಅದಕ್ಕೆ ಎರಡು ಜೀವ ಬೇಕು, ಒಬ್ಬರು ಗುಂಡಿಯಲ್ಲಿ, ಒಬ್ಬರು ಬಲಗಡೆ. ನಮಗೆ ಮಕ್ಕಳಿಲ್ಲ, ಇರುವ ಎರಡು ಜೀವವೇ ಎದುರುಬದುರು.

ನಿಮ್ಮ ತಾಯಿಯನ್ನು ಹುಷಾರಾಗಿ ನೋಡಿಕೊಳ್ಳಿ.

ಓಬಕ್ಕ


ಕೊಲ್ಕತ್ತಾ
9 ನವೆಂಬರ್ 2001

ಪ್ರೀತಿಯ ಓಬಕ್ಕ,

ಕನ್ನಡ ತುಕ್ಕು ಹಿಡಿದಿದೆ, ಅದಕ್ಕೇ ಚಿಕ್ಕ ಕಾಗದ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ನನಗೆ ಬಡ್ತಿ ಆಗಿದೆ, ಅಂದರೆ ಇನ್ನಷ್ಟು ಕಡತ.

ಸಂತೋಷದ ಸುದ್ದಿ ಒಂದೇ. ನಿಮ್ಮ ಕಥೆಯನ್ನು ಯಾರೋ ಕನ್ನಡಕ್ಕೆ ತಂದಿದ್ದಾರೆ, ನಿಮ್ಮ ಕಡೆಯ ಪತ್ರಿಕೆಯ ಪುರವಣಿಯಲ್ಲಿ ಬಂದಿದೆಯಂತೆ, ನನ್ನ ಮುನ್ನುಡಿಯ ಸಮೇತ. ಈಗಲಾದರೂ ನೀವು ಓದಬಹುದು. ರಂಗಯ್ಯನವರಿಗೆ ಓದಿ ಹೇಳಿ, ಏನಂದರು ಎಂದು ಬರೆಯಿರಿ.

ಸುತಪಾ


ಮೊಳಕಾಲ್ಮೂರು
11 ಮಾರ್ಚ್ 2003

ಅಮ್ಮಾವ್ರಿಗೆ,

ನಿಮ್ಮ ಹೋದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಪುರವಣಿ ಓದಿದ ಮೇಲೆ ಬರೆಯಲು ಕೈ ಬರಲಿಲ್ಲ.

ಸಂಕ್ರಾಂತಿ ಕಳೆದು ನಾಲ್ಕನೇ ದಿನ ಇವರು ತೀರಿಕೊಂಡರು. ಎರಡು ದಿನದ ಜ್ವರ ಅಷ್ಟೇ. ಜ್ವರ ಬರುವ ಹಿಂದಿನ ದಿನ ಬಲಗಡೆ ಕೂತು ಸೆರಗು ಮುಗಿಸಿಕೊಟ್ಟಿದ್ದರು.

ಸರಿಯಾಗಿಯೇ ಓದಿದಿರಿ, ಬಲಗಡೆ.

ಅಮ್ಮಾವ್ರೇ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನೀವು ಬರುವುದಕ್ಕೆ ಐದು ವರ್ಷ ಮೊದಲೇ ಎರಡೂ ಹೋಗಿದ್ದವು. ಬಳ್ಳಾರಿ ಡಾಕ್ಟರು ಆಗುವುದಿಲ್ಲ ಅಂದರು. ಗೌರಸಮುದ್ರದ ಮಾರಮ್ಮನಿಗೂ ಹೇಳಿಕೊಂಡು ಆಯಿತು. ಈ ಕಾಲೊನಿ ಮನೆ, ಈ ಮಗ್ಗ, ಎರಡೂ ಸಂಘದ್ದು. ನೇಯುವ ಸದಸ್ಯನಿಗೆ ಮಾತ್ರ. ಕುರುಡ ಅಂತ ತಿಳಿದರೆ ಎರಡೂ ಹೋಗುತ್ತಿತ್ತು. ಹಾಗಾಗಿ ನಾನು ಗುಂಡಿಗೆ ಇಳಿದೆ, ಇವರು ಬಲಗಡೆ ಕೂತರು. ನಾನು ಎಣಿಸಿ ಹೇಳುವುದು, ಇವರು ಬೆರಳಲ್ಲೇ ಎಳೆ ಕೂಡಿಸಿ ಅಂಚಿನ ಲಾಳಿ ಕೊಡುವುದು. ಹದಿಮೂರು ವರ್ಷ ಬಾಗಿಲು ಹಾಕಿಕೊಂಡು ಹೀಗೇ ನೇಯ್ದಿದ್ದೇವೆ.

ನೀವು ಗಣತಿಗೆ ಬಂದ ದಿನ ಮಾತ್ರ ಜಾಗ ಬದಲಾಯಿಸಿದೆವು. ಮರ್ಯಾದೆ ಅಂತ ಅವರನ್ನು ಗುಂಡಿಯಲ್ಲಿ ಕೂರಿಸಿದೆ. ಮೈಯೆಲ್ಲ ಬೆವರು ಅವರಿಗೆ. ನೀವು ಅದನ್ನು ಧ್ಯಾನ ಅಂದುಕೊಂಡಿರಿ. ನಿಮ್ಮ ಮುಖ ನೋಡದೇ ಇದ್ದದ್ದೂ ಅದಕ್ಕೇ. ನಿಮಗೆ ಹೇಳಬೇಕು ಅಂತ ಎಷ್ಟು ಸಲ ಬಾಯಿಗೆ ಬಂತು. ನೀವು ನನ್ನ ಗೆಳತಿ ನಿಜ, ಆದರೆ ಸರ್ಕಾರದವರೂ ಹೌದಲ್ಲ.

ಈಗ ಕೇಳಿ. ಸದಸ್ಯತ್ವ ನನ್ನ ಹೆಸರಿಗೆ ಮಾಡಿ ಅಂತ ಅರ್ಜಿ ಕೊಟ್ಟೆ. ಕಾರ್ಯದರ್ಶಿ ಬೊಮ್ಮಲಿಂಗಪ್ಪ ಗಣತಿ ಪುಸ್ತಕ ತೆಗೆದು ಓದಿದ. "ಒಡಲಿನ ಲಾಳಿಯನ್ನು ಆಕೆ ಒಮ್ಮೆಯೂ ಮುಟ್ಟುವುದಿಲ್ಲ ಅಂತ ಆಫೀಸರಮ್ಮನೇ ಬರೆದಾರಲ್ಲಕ್ಕ. ನೀನು ನೇಕಾರಳಲ್ಲ. ಈ ಮಗ್ಗಕ್ಕೆ ಕಾಯೋರು ಹದಿನಾರು ಜನ ಅದಾರೆ" ಅಂದ. ನಾನು ನೇಯುತ್ತೀನಪ್ಪ ಅಂದರೆ, ಪುರವಣಿ ತುಂಡು ಎಳೆದು ಮೇಜಿನ ಮೇಲೆ ಇಟ್ಟ. ಅದನ್ನು ಇಷ್ಟು ದಿನ ಜೋಪಾನ ಮಾಡಿದ್ದಾನೆ, ನಮ್ಮೂರಿನ ಹೆಮ್ಮೆ ಅಂತ.

ಅವನು ಕೆಟ್ಟವನಲ್ಲ. ನೀವು ಬರೆದದ್ದು ತಪ್ಪು ಅಂತ ನೀವೇ ಒಂದು ಕಾಗದ ಕೊಟ್ಟರೆ ಸಾಕು ಅನ್ನಿಸುತ್ತದೆ. ಮಗ್ಗ ಹೋದರೆ ನನಗೆ ಬೇರೇನೂ ಇಲ್ಲ.

ಓಬಕ್ಕ


ಕೊಲ್ಕತ್ತಾ
28 ಮಾರ್ಚ್ 2003

ಓಬಕ್ಕ,

ನಿಮ್ಮ ಕಾಗದವನ್ನು ಕಚೇರಿಯಲ್ಲಿ ಓದಿದೆ. ಬಾಗಿಲು ಹಾಕಿಕೊಂಡು ಅತ್ತೆ. ರಂಗಯ್ಯನವರಿಗಾಗಿಯೋ ನನಗಾಗಿಯೋ ಹೇಳಲಾರೆ. ಎಷ್ಟು ಸಂಜೆ ಒಬ್ಬ ಕುರುಡರ ಎದುರು ಕೂತು ಅವರು ಕುರುಡರೆಂದು ಕಾಣದವಳು, ಕಣ್ಣಾರೆ ಕಂಡದ್ದು ಎಂದು ಮುನ್ನುಡಿ ಬರೆದೆನಲ್ಲ. ಏಳುನೂರು ಮನೆಗೆ ಬರೆದಂತೆ ನಿಮಗೂ ಬರೀ ಅಂಕಿ ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲ, ಸ್ವಲ್ಪ ಇದೆ. ನೀವೊಬ್ಬರಾದರೂ ನನಗೆ ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆ.

ಇಂದೇ ಸಂಘಕ್ಕೂ, ಬೆಂಗಳೂರಿನ ಇಲಾಖೆಗೂ, ಇಲ್ಲಿ ನನ್ನ ಮೇಲಧಿಕಾರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದಿದ್ದೇನೆ. ನನ್ನ ಷರಾ ತಪ್ಪು, ಓಬಕ್ಕನವರೇ ಮುಖ್ಯ ನೇಕಾರರು, ತಿದ್ದಬೇಕು ಎಂದು. ಸಹಿ, ಹುದ್ದೆ, ಮೊಹರು ಎಲ್ಲ ಇದೆ. ಇದು ಸಾಕು. ಧೈರ್ಯವಾಗಿರಿ. ನಾನಿದ್ದೇನೆ.

ಸುತಪಾ


ಮೊಳಕಾಲ್ಮೂರು
19 ಜೂನ್ 2003

ಅಮ್ಮಾವ್ರಿಗೆ ನಮಸ್ಕಾರಗಳು.

ಸಿಟ್ಟು ಮಾಡಿಕೊಳ್ಳಿ, ಪರವಾಗಿಲ್ಲ. ನನಗೆ ಒಂದು ಸುಳ್ಳು ಸಾಕಾಗಿತ್ತು, ನಿಮ್ಮ ಪುಸ್ತಕ ಅದನ್ನು ಊರೂರಿಗೆ ಹಂಚಿತು.

ನಿಮ್ಮ ಮೊಹರಿನ ಕಾಗದವನ್ನು ಕಮಿಟಿಯಲ್ಲಿ ಓದಿದರಂತೆ. ಅಧ್ಯಕ್ಷರು, "ಆಗ ಸರ್ಕಾರ ಬರೆದಿತ್ತು, ಈಗ ಗೆಳತಿ ಬರೆದಾಳೆ. ಒಂಬತ್ತು ವರ್ಷ ಆದಮ್ಯಾಗೆ ತಪ್ಪು ಅಂದ್ರೆ ಯಾವುದನ್ನ ನಂಬೋದು? ಕಥೆ ಕಟ್ಟೋರಿಗೆ ಇದೂ ಒಂದು ಕಥೆ" ಅಂದರಂತೆ. ಬೆಂಗಳೂರಿನಿಂದ ಉತ್ತರ ಬಂತು, ಸಂಘದವರೇ ತೀರ್ಮಾನ ಮಾಡಲಿ ಅಂತ. ಎಲ್ಲರೂ ಬರೆಯುವವರೇ, ಮಾಡುವವರು ಯಾರೂ ಇಲ್ಲ.

ಬೊಮ್ಮಲಿಂಗಪ್ಪ ಪಾಪ ಒಂದು ದಾರಿ ತೆಗೆದಿದ್ದಾನೆ. ಜುಲೈ ಹದಿನಾಲ್ಕು, ಸೋಮವಾರ, ಹತ್ತೂವರೆಗೆ ಪರೀಕ್ಷೆ. ಇಬ್ಬರು ಆಫೀಸರು ಬರುತ್ತಾರೆ, ಅವರೆದುರು ನಾನು ಗುಂಡಿಯಲ್ಲಿ ಕೂತು ಕುಟ್ಟಂಚು ಒಂದು ಮೊಳ ನೇಯಬೇಕು. ನೇಯ್ದರೆ ಮಗ್ಗ ನನ್ನದು. ಒಂದು ಮೊಳ ನನಗೆ ಯಾವ ಲೆಕ್ಕ. ಆದರೆ ಬಲಗಡೆಗೆ ಯಾರು? ಸಂಘದ ಸದಸ್ಯರು ಕೂರುವಂತಿಲ್ಲ, ಕೂತರೆ ಯಾರು ನೇಯ್ದರು ಅಂತ ತಿಳಿಯುವುದಿಲ್ಲವಂತೆ.

ದುರುಗಕ್ಕನ ಗಂಡ ಸದಸ್ಯ, ಅವಳಲ್ಲ, ಅದಕ್ಕೇ ಅವಳನ್ನು ಕೇಳಿದೆ. ಬಾಗಿಲ ಒಳಗೆ ಎಳೆದುಕೊಂಡು ಪಿಸುಗುಟ್ಟಿದಳು, "ಲೇ ಓಬಿ, ನಮ್ಮ ಮಗ್ಗದಾಗೆ ನೇಯೋಳು ಯಾರು? ನಾನೇ ಅಲ್ಲೇನೇ. ನಿನ್ನ ಪಕ್ಕ ನಾನು ಕೂತ್ರೆ, ಇವಳಿಗೂ ಬರ್ತೈತಲ್ಲ ಅಂತ ನಾಳೆ ನಮ್ಮನೆಗೂ ಬರ್ತಾರೆ. ನಮ್ಮನೆಯೋರು ಕುಡ್ದು ಮಲಗಿರೋದು ಆಗ ಕಾಣ್ತೈತೆ. ಕಾಲಿಗೆ ಬೀಳ್ತೀನಿ, ಕೇಳ್ಬ್ಯಾಡ." ಇನ್ನೂ ನಾಲ್ಕು ಮನೆ ಕೇಳಿದೆ. ಎಲ್ಲ ಮನೆಯಲ್ಲೂ ಇದೇ. ಈ ಕಾಲೊನಿಯಲ್ಲಿ ನನ್ನೊಬ್ಬಳದೇ ಗುಟ್ಟು ಅಂದುಕೊಂಡಿದ್ದೆ, ದಡ್ಡಿ ನಾನು.

ಅದಕ್ಕೇ ಕೇಳುತ್ತಿದ್ದೇನೆ. ನೀವು ಬನ್ನಿ. ನೀವು ಸದಸ್ಯರಲ್ಲ, ನಿಮಗೆ ಯಾರ ಭಯವೂ ಇಲ್ಲ. ಒಂದು ವಾರ ಮೊದಲು ಬಂದರೆ ನಾನು ಕಲಿಸುತ್ತೇನೆ. ನೀವು ಕನ್ನಡ ಕಲಿತವರು, ಲಾಳಿ ಯಾವ ಮಹಾ. ನಾನು ಎಣಿಸಿ ಹೇಳುತ್ತೇನೆ, ನೀವು ಕೊಟ್ಟರಾಯಿತು. ಅಂಚು ಕೆಟ್ಟರೂ ಬೈಯುವುದಿಲ್ಲ.

ನಿಮ್ಮ ದಾರಿ ನೋಡುವ
ಓಬಕ್ಕ


ಕೊಲ್ಕತ್ತಾ
1 ಜುಲೈ 2003

ಪ್ರೀತಿಯ ಓಬಕ್ಕ,

ಬರಲಾಗುವುದಿಲ್ಲ. ಮೊದಲೇ ಬರೆದುಬಿಟ್ಟೆ, ಕೊನೆಯವರೆಗೆ ಓದಿ ತಿಳಿಯುವ ಕಷ್ಟ ನಿಮಗೆ ಬೇಡ.

ಅಮ್ಮನ ಸೊಂಟ ಮುರಿದಿದೆ. ಬಿಟ್ಟು ಬರಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ತಾರೀಖು ಮುಂದೂಡಿ ಎಂದು ಸಂಘಕ್ಕೆ ಫೋನು ಮಾಡಿದೆ. ಬೊಮ್ಮಲಿಂಗಪ್ಪನವರು ತುಂಬ ಗೌರವದಿಂದ ಮಾತನಾಡಿದರು. ನನ್ನ ಕಥೆಯ ಎರಡು ಸಾಲನ್ನು ಬಾಯಿಪಾಠ ಒಪ್ಪಿಸಿದರು. ತಾರೀಖು ಮಾತ್ರ ಕಮಿಟಿಯದಂತೆ, ಅವರ ಕೈಯಲ್ಲಿಲ್ಲವಂತೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಇನ್ನೊಂದು ಕಾರಣವಿದೆ. ಬರೆಯಬಾರದು ಅಂದುಕೊಂಡಿದ್ದೆ. ನನ್ನ ತಪ್ಪೊಪ್ಪಿಗೆ ಓದಿದ ಮೇಲಧಿಕಾರಿಗಳು ನನಗೆ ಮೆಮೊ ಕೊಟ್ಟಿದ್ದಾರೆ. ಗಣತಿಯಲ್ಲಿ ಸುಳ್ಳು ಬರೆದದ್ದು ಏಕೆ, ಉಳಿದ ಏಳುನೂರು ಮನೆಯೂ ಹೀಗೆಯೇ ಏನು ಎಂದು. ವಿಚಾರಣೆ ಮುಗಿಯುವವರೆಗೆ ರಜೆಯಿಲ್ಲ, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಬಿಟ್ಟರೆ ಕೆಲಸ ಹೋಗಬಹುದು. ಅಮ್ಮನ ಆಸ್ಪತ್ರೆ ನನ್ನ ಕೆಲಸದ ಮೇಲೆಯೇ ನಿಂತಿದೆ. ನನಗೆ ಯಾರ ಭಯವೂ ಇಲ್ಲ ಎಂದು ಬರೆದಿದ್ದಿರಿ. ನನಗೆ ಭಯವಾಗಿದೆ, ಓಬಕ್ಕ. ನಾನಿದ್ದೇನೆ ಎಂದು ಬರೆದವಳು ನಾನೇ. ಆ ಸಾಲನ್ನು ಹೊಡೆದುಹಾಕಿ.

ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಸಿಕ್ಕರೆ ಒಂದು ಕಾರ್ಡು ಹಾಕಿ.

ಸುತಪಾ


ಮೊಳಕಾಲ್ಮೂರು
22 ಜುಲೈ 2003

ಅಮ್ಮಾವ್ರಿಗೆ ಓಬಕ್ಕ ಮಾಡುವ ನಮಸ್ಕಾರಗಳು.

ತಾಯಿಯನ್ನು ಬಿಟ್ಟು ಬರಬೇಡಿ. ಸೊಂಟ ಮುರಿದವರನ್ನು ಮಗ್ಗುಲು ತಿರುಗಿಸುತ್ತಾ ಇರಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಯಾರೂ ಸಿಗಲಿಲ್ಲ. ಹದಿನಾಲ್ಕಕ್ಕೆ ಸರಿಯಾಗಿ ಹತ್ತೂವರೆಗೆ ಬಂದರು. ಇಬ್ಬರು ಆಫೀಸರು, ಅಧ್ಯಕ್ಷರು, ಬೊಮ್ಮಲಿಂಗಪ್ಪ. ಕುರ್ಚಿ ಸಾಲದೆ ದುರುಗಕ್ಕನ ಮನೆಯಿಂದ ತಂದರು. ಅವಳು ಕುರ್ಚಿ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಬಲಗಡೆ ಯಾರಮ್ಮ ಕೂರೋರು?" ಅಂತ ಆಫೀಸರು ಕೇಳಿದರು. ಯಾರೂ ಇಲ್ಲ ಸಾರ್, ನಾನೇ ಅಂದೆ.

ಗುಂಡಿಗೆ ಇಳಿದೆ. ಪೆಡಲು ತುಳಿದು ಒಡಲಿನ ಲಾಳಿ ಹಾಕಿದೆ. ಮೇಲೆ ಹತ್ತಿದೆ. ಬಲಗಡೆ ಹೋಗಿ ಕೂತು ಎಳೆ ಕೂಡಿಸಿ ಅಂಚಿನ ಲಾಳಿ ಕೊಟ್ಟೆ. ಮತ್ತೆ ಇಳಿದೆ, ಬಡಿದೆ. ಮತ್ತೆ ಹತ್ತಿದೆ. ಒಂದೊಂದು ಎಳೆಗೂ ಹೀಗೇ. ಮೊದಲು ಅವರು ನೋಡುತ್ತಿದ್ದರು, ಆಮೇಲೆ ಮಾತಾಡಿಕೊಳ್ಳುತ್ತಿದ್ದರು, ಆಮೇಲೆ ಟೀ ತರಿಸಿದರು. ಬೊಮ್ಮಲಿಂಗಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಬಲಗಡೆ ಇವರು ಕೂರುತ್ತಿದ್ದ ಮಣೆ ಹಾಗೇ ಇದೆ, ಸವೆದು ನಡುವೆ ಗುಳಿಯಾಗಿದೆ. ಒಂದೆರಡು ಸಲ ಮರೆತು ಗುಂಡಿಯಿಂದಲೇ ಎಣಿಸಿ ಹೇಳಿಬಿಟ್ಟೆ. ಯಾರಿಗೆ ಹೇಳ್ತೀಯಮ್ಮ ಅಂತ ಆಫೀಸರು ಕೇಳಿದರು.

ಒಂದು ಗಂಟೆಯ ಬಸ್ಸಿಗೆ ಅವರು ಹೋಗಬೇಕಿತ್ತು. ಅಷ್ಟರಲ್ಲಿ ಎರಡು ಬೆರಳು ಅಗಲ ಆಗಿತ್ತು. ಒಂದೆಳೆ ತಪ್ಪಿರಲಿಲ್ಲ, ಅಂಚು ಕೂಡಿದ್ದು ನನ್ನ ಬೆರಳಿಗೇ ತಿಳಿಯಲಿಲ್ಲ. ಒಂದು ಮೊಳ ಅಂದಿದ್ದೆವಲ್ಲಮ್ಮ ಅಂದರು.

ಅವರ ಫಾರಂನಲ್ಲೂ ಷರಾ ಕಾಲಂ ಇತ್ತು. ಏನು ಬರೆದಿರಿ, ಓದಿ ಹೇಳಿ ಅಂದೆ. ಓದಿದರು. "ಅರ್ಜಿದಾರರು ಮಗ್ಗ ಬಿಟ್ಟು ಪದೇ ಪದೇ ಎದ್ದು ಓಡಾಡಿದರು." ಸುಳ್ಳೇನಿಲ್ಲ. ಅವರೂ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆ. ನಾನು ಕೆಳಗೆ ಸಹಿ ಹಾಕಿದೆ.

ಮಗ್ಗವನ್ನು ಕಾಯುತ್ತಿದ್ದವರಲ್ಲೊಬ್ಬ ಮುದ್ದಪ್ಪನಿಗೆ ಕೊಟ್ಟಿದ್ದಾರೆ. ಒಳ್ಳೆಯ ಹುಡುಗ, ಹೆಂಡತಿಗೆ ನೇಯಲು ಬರುತ್ತದೆ. ಶ್ರಾವಣ ಶುರುವಾಗುವುದರೊಳಗೆ ಮನೆ ಬಿಡಬೇಕು. ರಾಂಪುರದಲ್ಲಿ ಇವರ ತಂಗಿ ಇದ್ದಾಳೆ, ಅಲ್ಲಿ ನೂಲು ಸುತ್ತುವ ಕೆಲಸವಾದರೂ ಸಿಗುತ್ತದೆ. ನಿಮ್ಮ ಪುಸ್ತಕವನ್ನು ತೆಗೆದುಕೊಂಡು ಹೋಗುತ್ತೇನೆ. ಇವರು ಬೆರಳಿಟ್ಟ ಸಾಲು ಯಾವುದು ಅಂತ ಗುರುತು ಮಾಡಿಟ್ಟುಕೊಂಡಿದ್ದೇನೆ. ಅಲ್ಲಿನ ವಿಳಾಸ ಕೊಡುವುದಿಲ್ಲ. ಕಾಗದ ಬಂದರೆ ನನಗೆ ಮಗ್ಗದ ನೆನಪಾಗುತ್ತದೆ. ಸಿಟ್ಟಿನಿಂದ ಅಲ್ಲ.

ನಿಮ್ಮ ಗುಣ ನನಗೆ ಗೊತ್ತು, ಇದನ್ನು ನೀವು ಬರೆಯದೇ ಇರುವುದಿಲ್ಲ. ಬರೆಯಿರಿ. ಇವರ ಕಣ್ಣು ಕಾಣುತ್ತಿರಲಿಲ್ಲ ಅಂತಲೇ ಬರೆಯಿರಿ, ಈಗ ಯಾರಿಗೆ ಏನಾಗಬೇಕಿದೆ. ಆದರೆ ಈ ಸಲ ಎಲ್ಲವೂ ಕಣ್ಣಾರೆ ಕಂಡದ್ದೇ ಆಗಬೇಕಿಲ್ಲ. ಒಂದು ಸುಳ್ಳು ಸೇರಿಸಿ. ಆ ಸೋಮವಾರ ಹತ್ತೂವರೆಗೆ ಮುಂಚೆ ನೀವು ಚಳ್ಳಕೆರೆ ಬಸ್ಸಿನಿಂದ ಇಳಿದು ಬಂದಿರಿ, ಬಂದು ಬಲಗಡೆ ಆ ಮಣೆಯ ಮೇಲೆ ಕೂತಿರಿ, ನಾನು ಎಣಿಸಿ ಹೇಳಿದೆ ಅಂತ ಬರೆಯಿರಿ.

ಓಬಕ್ಕ